ಐದನೇ ಮೆಟ್ಟಿಲಿನ ಬೆಣೆ

ಜನವರಿ 9

ಮೇಸ್ತ್ರಿಗಳೇ,

ಮೊದಲೇ ಹೇಳ್ಬಿಡ್ತೀನಿ, ಪರೀಕ್ಷೇಲಿ ‘ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ’ ಬರೆದಿದ್ದು ಬಿಟ್ರೆ ನಾನು ಕಾಗದದ ಮೇಲೆ ಬರೀತಿರೋ ಮೊದಲನೇ ಪತ್ರ ಇದು. ಕಳಿಸಿದ ಮೇಲೆ ಅಳಿಸೋಕಾಗಲ್ಲ. ನೀವು ಓದಿದ್ರೋ ಇಲ್ವೋ ಅಂತ ನೀಲಿ ಗೆರೆ ಬರಲ್ಲ. ಹಿಂದಿನ ಕಾಲದವರು ಹೆಂಗೆ ತಡ್ಕೊಂಡಿದ್ರೋ.

ನಾನು ನಿಮ್ಮ ಮನೆ ರಿಪೇರಿ ಗ್ರೂಪಿನವಳು. ನಾಲ್ಕು ವರ್ಷದಿಂದ ನೀವು ಹಾಕಿದ ಒಂದೊಂದು ಉತ್ತರಾನೂ ಓದಿದೀನಿ. ಸೋರೋ ನಲ್ಲಿ, ನೆಲ ಕೆರೆಯೋ ಬಾಗಿಲು, ಅಲ್ಲಾಡೋ ಕುರ್ಚಿ, ಯಾವುದನ್ನೂ ಬಿಟ್ಟಿಲ್ಲ. ‘ಮರಕ್ಕೆ ಹೊಡೆಯುವ ಮೊದಲು ಅದು ಏನು ಹೇಳುತ್ತಿದೆ ಕೇಳಿ’ ಅಂತ ಒಂದ್ಸಲ ಬರೆದಿದ್ರಿ, ಅದನ್ನ ನೋಟ್‌ಬುಕ್ ಮೇಲೆಲ್ಲ ಗೀಚ್ಕೊಂಡಿದ್ದೆ. ಆರು ತಿಂಗಳ ಹಿಂದೆ ಇದ್ದಕ್ಕಿದ್ದ ಹಾಗೆ ಗ್ರೂಪ್ ಬಿಟ್ಟು ಹೋದ್ರಿ. ‘ಫೋನು ಬಿಡುತ್ತಿದ್ದೇನೆ. ತೀರಾ ಅಗತ್ಯವಿದ್ದವರು ಕಾರ್ಡು ಹಾಕಿ’ ಅಂದ್ರಿ, ಕೆಳಗೆ ವಿಳಾಸ ಕೊಟ್ರಿ. ಅಷ್ಟೇ. ಯಾಕೆ ಅಂತ ಎಲ್ಲರೂ ಕೇಳಿದ್ರು, ಒಬ್ಬರೂ ಕಾರ್ಡ್ ಹಾಕಿರಲ್ಲ, ಬರ್ದಿಟ್ಕೊಳ್ಳಿ.

ನನ್ನದು ತೀರಾ ಅಗತ್ಯ. ನಮ್ಮ ಮನೆ ದುರಸ್ತಿ ನಡೀತಿದೆ. ಬಣ್ಣ ಆಯ್ತು, ನೆಲ ಆಯ್ತು, ಈಗ ಅಪ್ಪನ ಕಣ್ಣು ಮೆಟ್ಟಿಲ ಮೇಲೆ. ಹಳೇ ಮರದ ಮೆಟ್ಟಿಲು, ಒಟ್ಟು ಹದಿಮೂರು. ಒಂದೊಂದೂ ಒಂದೊಂದು ರಾಗ. ಅದನ್ನ ಕಿತ್ತು ಸಿಮೆಂಟಿಂದು ಕಟ್ಟಿಸ್ತಾರಂತೆ. ಮಾರ್ಚ್ 5ಕ್ಕೆ ಕಾಂಟ್ರಾಕ್ಟರ್ ಬರ್ತಾನೆ. ಮೂರು ವಾರ ಮೇಲಕ್ಕೆ ಹೋಗೋ ದಾರೀನೇ ಇರಲ್ಲ. ಅದು ಆಗ್ಬಾರ್ದು ಮೇಸ್ತ್ರಿಗಳೇ. ನಾನೇ ಸರಿ ಮಾಡ್ತೀನಿ ಅಂತ ಹಟ ಹಿಡಿದೆ. ಅಪ್ಪ, “ಆಯ್ತು, ಮಾಡು. ಒಂದು ಮೆಟ್ಟಿಲು ಕುಂಯ್ ಅಂದ್ರೂ ಕಾಂಟ್ರಾಕ್ಟರ್ ಬರ್ತಾನೆ,” ಅಂದ್ರು.

ಬಡಗಿ ಕರೆಸು ಅಂತ ಮಾತ್ರ ಹೇಳ್ಬೇಡಿ. ಮೆಟ್ಟಿಲ ಹತ್ರ ಹೊರಗಿನವರು ಯಾರೂ ಬರೋ ಹಾಗಿಲ್ಲ. ಯಾಕೆ ಅಂತ ಕೇಳ್ಬೇಡಿ.

ಇಂತಿ,
ಸ್ಕ್ರೂ ಲೂಸು
(ಗ್ರೂಪಲ್ಲಿ ನನ್ನ ಹೆಸರು ಬೇರೆ ಇತ್ತು. ಇದು ಮನೇಲಿ ಕರೆಯೋದು.)


ಜನವರಿ 17

ಸ್ಕ್ರೂ ಲೂಸು ಅವರಿಗೆ,

ಪತ್ರ ತಲುಪಿತು. ದೂರದಿಂದ ಸಲಹೆ ಕೊಡುವುದನ್ನು ನಾನು ನಿಲ್ಲಿಸಿದ್ದೇನೆ. ಕಣ್ಣಾರೆ ನೋಡದ ಮನೆಯ ಬಗ್ಗೆ ಬಾಯಿ ಹಾಕಬಾರದು. ಹತ್ತಿರದ ಯಾರಾದರೂ ಬಡಗಿಯನ್ನು ಕರೆಸಿ.

ಇಷ್ಟು ಬರೆದು ಮಡಿಸಿದ್ದೆ. ಮತ್ತೆ ಬಿಚ್ಚಿದ್ದೇನೆ.

ಹೊರಗಿನವರು ಬರುವಂತಿಲ್ಲ, ಕಾರಣ ಕೇಳಬಾರದು, ಮೇಲಕ್ಕೆ ದಾರಿ ಮುಚ್ಚಬಾರದು. ಈ ಮೂರೂ ಸೇರಿ ನನ್ನ ನಿದ್ದೆ ಕೆಡಿಸಿವೆ. ನಿಮ್ಮನ್ನು ಯಾರಾದರೂ ಮೇಲಿನ ಕೋಣೆಯಲ್ಲಿ ಕೂಡಿಹಾಕಿದ್ದಾರೆಯೇ? ಬರೆಯಲು ಭಯವಿದ್ದರೆ ಮುಂದಿನ ಲಕೋಟೆಯ ಮೇಲೆ ಸ್ಟಾಂಪನ್ನು ತಲೆಕೆಳಗಾಗಿ ಅಂಟಿಸಿ. ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ.

ಅಲ್ಲಿಯವರೆಗೆ ಕೈ ಸುಮ್ಮನಿರದಿದ್ದರೆ ಇಷ್ಟು ಮಾಡಿ. ಸೀಮೆಸುಣ್ಣ ಹಿಡಿದು ಒಂದೊಂದು ಮೆಟ್ಟಿಲನ್ನೂ ಎಡಕ್ಕೆ, ನಡುವೆ, ಬಲಕ್ಕೆ ತುಳಿಯಿರಿ. ಸದ್ದು ಎಲ್ಲಿ ಬರುತ್ತದೋ ಅಲ್ಲಿ ಗುರುತು ಹಾಕಿ. ಆಮೇಲೆ ಮೆಟ್ಟಿಲ ಕೆಳಗೆ ನುಗ್ಗಿ ನೋಡಿ. ಹಲಗೆಯ ತುದಿ ಪಕ್ಕದ ತೊಲೆಗೆ ಸೇರುವಲ್ಲಿ ಗೇಣುದ್ದದ ಮರದ ಬೆಣೆಗಳಿರುತ್ತವೆ. ಬೆರಳಿಂದ ಅಲ್ಲಾಡಿಸಿ. ಅಲ್ಲಾಡಿದರೆ ಅದೇ ಕಳ್ಳ. ಏನನ್ನೂ ಹೊಡೆಯಬೇಡಿ. ಚಿತ್ರ ಬರೆದು ಕಳಿಸಿ.

— ಮೇಸ್ತ್ರಿ


ಜನವರಿ 23

ಮೇಸ್ತ್ರಿಗಳೇ,

ಸ್ಟಾಂಪ್ ಸರಿಯಾಗೇ ಅಂಟಿಸಿದೀನಿ, ಎರಡು ಸಲ ನೋಡಿದೀನಿ. ಪೋಸ್ಟ್ ಆಫೀಸಿನ ಅಕ್ಕ, “ಅಂಟು ಒಣಗೋವರೆಗೂ ಕಾವಲು ಕಾಯ್ತೀಯಾ?” ಅಂದ್ರು. ನಿಮ್ಮ ಪತ್ರ ಓದಿ ಹೊಟ್ಟೆ ಹಿಡ್ಕೊಂಡು ನಕ್ಕೆ. ಆಮೇಲೆ ನಗು ನಿಂತೋಯ್ತು. ನೀವು ಊಹೆ ಮಾಡಿದ್ದು ಅರ್ಧ ಸರಿ.

ಮೇಲಿನ ಕೋಣೇಲಿರೋದು ನಮ್ಮಣ್ಣ. ಕೆಳಗಿಳಿದು ಏಳು ತಿಂಗಳಾಯ್ತು. ಯಾರೂ ಕೂಡಿಹಾಕಿಲ್ಲ, ಚಿಲಕ ಇರೋದು ಒಳಗಡೆ. ಬಚ್ಚಲು ಮೇಲೇ ಇದೆ. ಅಮ್ಮ ಎರಡು ಹೊತ್ತು ತಟ್ಟೆ ತಗೊಂಡು ಹೋಗಿ ಕೈಗೆ ಕೊಟ್ಟು ಬರ್ತಾರೆ. ಬಾಗಿಲು ಒಂದು ಗೇಣು ತೆರೆಯತ್ತೆ, ಮುಚ್ಚತ್ತೆ.

ಅವನಿಗೆ ಮೆಟ್ಟಿಲಿನ ಸದ್ದು ಆಗಲ್ಲ. ಇಳಿಯೋಕೆ ಕಾಲಿಟ್ರೆ ಹದಿಮೂರು ಸಲ ಕಿರುಗುಟ್ಟತ್ತೆ, ಕೆಳಗಿರೋರೆಲ್ಲ ಕತ್ತೆತ್ತಿ ನೋಡ್ತಾರೆ. ಸದ್ದು ಹೋದ್ರೆ ಇಳಿದು ಬರ್ತಾನೆ. ಇದು ನನ್ನ ಲೆಕ್ಕಾಚಾರ. ಅಪ್ಪನ ಲೆಕ್ಕಾಚಾರ ಬೇರೆ. ಮೆಟ್ಟಿಲು ಕೀಳೋ ದಿನ ಹೇಗೂ ಕೆಲಸದವರು ಇರ್ತಾರಲ್ಲ, “ನಾಲ್ಕು ಜನ ಹಿಡ್ಕೊಂಡು ಇಳಿಸಿದ್ರಾಯ್ತು,” ಅಂತಾರೆ. ಕೋಪಕ್ಕೆ ಹೇಳಲ್ಲ, ಬೀರು ಇಳಿಸೋ ವಿಷಯ ಹೇಳೋ ಥರ ಹೇಳ್ತಾರೆ. ಅಣ್ಣ ಬಾಗಿಲ ಸಂದಿಯಿಂದ, “ನೀವು ಕಿತ್ಕೊಳ್ಳಿ, ನಾನು ಇಲ್ಲೇ ಇರ್ತೀನಿ. ಕಿಟಕಿಯಿಂದ ಹಗ್ಗ ಬಿಡ್ತೀನಿ, ಊಟ ಕಟ್ಟಿ,” ಅಂದ.

ನಿನ್ನೆ ಹೊರಗೆ ನಿಂತು ಆ ಕಿಟಕಿ ನೋಡಿದೆ. ಬಣ್ಣದವರು ಎರಡು ಕದಾನೂ ಚೌಕಟ್ಟನ್ನೂ ಸೇರಿಸಿ ಒಂದೇ ಬಳಿತ ಬಳಿದಿದ್ದಾರೆ. ಸಂದೀನೇ ಕಾಣಲ್ಲ. ಬಣ್ಣ ಬಳಿದು ಮೂರು ತಿಂಗಳಾಯ್ತು. ಅಂದ್ರೆ ಅವತ್ತಿಂದ ಅದು ತೆರೆದಿಲ್ಲ, ಅವನು ಹೇಳೂ ಇಲ್ಲ.

ಚಿತ್ರ ಇಟ್ಟಿದೀನಿ. ಮೆಟ್ಟಿಲ ಕೆಳಗಿನ ಕಪಾಟಲ್ಲಿ ಪೊರಕೆ, ಹಳೇ ಚಪ್ಪಲಿ ಎಲ್ಲ ತಳ್ಳಿ ಟಾರ್ಚ್ ಹಿಡ್ಕೊಂಡು ಕೂತಿದ್ದೆ. ಅಮ್ಮ ತಟ್ಟೆ ತಗೊಂಡು ತಲೆ ಮೇಲೇ ಹತ್ತಿ ಹೋದ್ರು. ಬೆಣೆಗಳು ಹಲ್ಲಿನ ಥರ ಅಲ್ಲಾಡಿದ್ವು. ಹನ್ನೊಂದು ಕಳ್ಳರು ಸಿಕ್ಕಿದ್ದಾರೆ.

ಸ್ಕ್ರೂ ಲೂಸು


ಫೆಬ್ರವರಿ 1

ಸ್ಕ್ರೂ ಲೂಸು ಅವರಿಗೆ,

ಚಿತ್ರ ಚೆನ್ನಾಗಿದೆ. ಪೊರಕೆಯನ್ನೂ ಬರೆದಿದ್ದೀರಿ, ಅದು ಬೇಕಿರಲಿಲ್ಲ.

ಬೆಣೆಗಳನ್ನು ಒಂದೊಂದಾಗಿ ಹೊರಗೆಳೆಯಿರಿ. ಹಿಂದೆ ಪೆನ್ಸಿಲಿನಿಂದ ಮೆಟ್ಟಿಲಿನ ಸಂಖ್ಯೆ ಬರೆಯಿರಿ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಹಳೆಯ ಅಂಟನ್ನು ಉಳಿಯಿಂದ ಕೆರೆದು, ಹೊಸ ಅಂಟು ಸವರಿ, ಮರದ ತುಂಡು ಅಡ್ಡ ಇಟ್ಟು ಮೆಲ್ಲಗೆ ಬಡಿಯಿರಿ. ಸದ್ದು ‘ಟೊಕ್’ ಎನ್ನುವುದು ಬಿಟ್ಟು ‘ಟಕ್’ ಎಂದಾಗ ನಿಲ್ಲಿಸಿ. ಹಲಗೆ ಮುಂದೆ ಬಾಗಿದ ಕಡೆ ಕೆಳಗಿನಿಂದ ಒಂದು ಸ್ಕ್ರೂ. ಒಂದು ದಿನ ಯಾರೂ ತುಳಿಯಬಾರದು. ಅಮ್ಮ ತುಳಿಯಲೇಬೇಕಾದ್ದರಿಂದ ಒಂದು ಬಿಟ್ಟು ಒಂದು ಮೆಟ್ಟಿಲು ಮಾಡಿ.

ಕಿಟಕಿಗೆ ಬಲ ಹಾಕಿದರೆ ಗಾಜು ಹೋಗುತ್ತದೆ. ಏಣಿ ಹಾಕಿ, ತೆಳ್ಳನೆಯ, ತುದಿ ಮೊಂಡಾದ ಚಾಕುವಿನಿಂದ ಸಂದಿಯುದ್ದಕ್ಕೂ ಬಣ್ಣವನ್ನು ಕೊಯ್ಯಿರಿ. ಒಂದು ಅಂಗುಲ ಉಳಿದರೂ ತೆರೆಯದು. ಆಮೇಲೆ ಒಳಗಿನಿಂದ ಚಿಲಕ ತೆಗೆದು ತಳ್ಳುವವರು ಒಬ್ಬರು ಬೇಕು. ಹೊರಗಿನವರ ಕೆಲಸ ಅರ್ಧ ಮಾತ್ರ.

ಒಂದು ಮಾತು, ಕಸುಬಿನದಲ್ಲ. ಸದ್ದಿಗೆ ಹೆದರಿ ಏಳು ತಿಂಗಳು ಯಾರೂ ಕೂರುವುದಿಲ್ಲ. ಆ ಸದ್ದು ಕೇಳಿ ಯಾರೋ ಏನೋ ಮಾಡಿರಬೇಕು. ನಿಮ್ಮ ಅಣ್ಣ ಏನು ಕೆಲಸದಲ್ಲಿದ್ದರು?

— ಮೇಸ್ತ್ರಿ


ಫೆಬ್ರವರಿ 10

ಮೇಸ್ತ್ರಿಗಳೇ,

ಹದಿಮೂರೂ ಸುಮ್ಮನಾಯ್ತು. ಏಳನೇ ತಾರೀಕು ಸಾಯಂಕಾಲ ನಾನು ಹತ್ತಿ ಇಳಿದು ಹತ್ತಿ ಇಳಿದು ನೋಡಿದೆ. ಉಸಿರು ಬಿಟ್ಟಷ್ಟೂ ಸದ್ದಿಲ್ಲ. ಅಪ್ಪ ಪೇಪರಿಂದ ತಲೆ ಎತ್ಲೇ ಇಲ್ಲ. ಇನ್ನು ಗೆದ್ದೆ ಅನ್ಕೊಂಡೆ.

ಮಾರನೇ ದಿನ ಅಮ್ಮ ತಟ್ಟೆ ತಗೊಂಡು ಹೋಗಿ ಎಂದಿನ ಹಾಗೆ ಬಾಗಿಲು ತಟ್ಟಿದ್ರು. ಒಳಗಡೆ ಅಣ್ಣ ಕಿರುಚ್ಕೊಂಡ. ಆ ಥರ ಕಿರುಚಿದ್ದು ನಾನು ಯಾವತ್ತೂ ಕೇಳಿರ್ಲಿಲ್ಲ. ಅಮ್ಮನ ಕೈಯಿಂದ ತಟ್ಟೆ ಬಿದ್ದು ಅಷ್ಟೂ ಮೆಟ್ಟಿಲು ಉರುಳ್ಕೊಂಡು ಕೆಳಗೆ ಬಂತು. ಆಮೇಲೆ ಏನೋ ಎಳೆದ ಸದ್ದು. ಮಂಚ ತಂದು ಬಾಗಿಲಿಗೆ ಅಡ್ಡ ಇಟ್ಕೊಂಡಿದ್ದಾನೆ. “ಯಾರು ಬರ್ತಿದ್ದಾರೆ ಅಂತಾನೇ ಗೊತ್ತಾಗಲ್ಲ ಈಗ. ಯಾರು ಮಾಡಿದ್ದು ಇದನ್ನ?” ಅಂದ. ಈಗ ಗೇಣೂ ತೆರೆಯಲ್ಲ. ತಟ್ಟೆ ಹದಿಮೂರನೇ ಮೆಟ್ಟಿಲ ಮೇಲಿಟ್ಟು ಬರ್ತೀವಿ, ನಾವು ಇಳಿದ ಮೇಲೆ ಎಷ್ಟೋ ಹೊತ್ತಿಗೆ ತಗೋತಾನೆ.

ನನಗೆ ಗೊತ್ತೇ ಇರ್ಲಿಲ್ಲ. ಇಷ್ಟು ದಿನ ಅವನು ಒಳಗೆ ಕೂತು ಮೆಟ್ಟಿಲ ಸದ್ದಲ್ಲಿ ನಮ್ಮನ್ನೆಲ್ಲ ಗುರುತು ಹಿಡೀತಿದ್ದ. ಅದನ್ನೂ ನಾನೇ ಕಿತ್ಕೊಂಡೆ.

‘ಅದನ್ನೂ’ ಅಂದೆ ಅಲ್ವಾ. ನೀವು ಕೇಳಿದ್ರಿ, ಹೇಳ್ತೀನಿ. ಅಣ್ಣ ಬಸ್ ನಿಲ್ದಾಣದ ಟಿಕೆಟ್ ಕೌಂಟರಲ್ಲಿದ್ದ. ದಪ್ಪ ಇದ್ದಾನೆ, ಚಿಕ್ಕಂದಿನಿಂದಲೂ. ಜೂನಲ್ಲಿ ನಾನು ಗ್ರೂಪಿಗೆ ಒಂದು ವಿಡಿಯೋ ಹಾಕಿದ್ದೆ, ‘ನಮ್ಮನೆ ಹಾರ್ಮೋನಿಯಂ’ ಅಂತ. ಅಣ್ಣ ಟವೆಲ್ ಹೆಗಲಿಗೆ ಹಾಕ್ಕೊಂಡು ಮೆಟ್ಟಿಲು ಇಳೀತಾನೆ, ಒಂದೊಂದು ಮೆಟ್ಟಿಲೂ ಒಂದೊಂದು ಥರ ಕಿರುಗುಟ್ಟತ್ತೆ, ಕೊನೇಲಿ ಕ್ಯಾಮೆರಾ ನೋಡಿ ನಗ್ತಾನೆ. ಎಲ್ಲಿ ಹಾಕ್ತೀನಿ ಅಂತ ನಾನು ಅವನಿಗೆ ಹೇಳಿರ್ಲಿಲ್ಲ. ಅದರ ಕೆಳಗೆ ನೀವು ಬರೆದ್ರಿ. ‘ಮೆಟ್ಟಿಲು ಗಟ್ಟಿಯಾಗೇ ಇದೆ ಮಗಳೇ. ಹೊರೆ ಕಮ್ಮಿ ಮಾಡಿ.’

ನಾಲ್ಕು ವರ್ಷದಲ್ಲಿ ನೀವು ನನಗೆ ಕೊಟ್ಟ ಮೊದಲನೇ ಉತ್ತರ ಅದು. ನಾನು ಕುಣಿದಾಡ್ಬಿಟ್ಟೆ. ಮೇಸ್ತ್ರಿಗಳು ನನ್ನ ಪೋಸ್ಟಿಗೆ ಬರೆದಿದ್ದಾರೆ ನೋಡಿ ಅಂತ ಸಿಕ್ಕ ಗ್ರೂಪಿಗೆಲ್ಲ ವಿಡಿಯೋ ಸಮೇತ ಕಳಿಸ್ದೆ. ವಾರದೊಳಗೆ ಅದು ಊರೆಲ್ಲ ಸುತ್ತಿ ಅವನ ಕೌಂಟರ್ ಮುಂದೆ ಬಂತು. ಅವನು ಕುರ್ಚಿಯಿಂದ ಎದ್ದಾಗ ಸಾಲಲ್ಲಿ ಯಾರೋ ಫೋನಲ್ಲಿ ಆ ಸದ್ದು ಹಾಕ್ತಿದ್ರು. ಕೂತಾಗ ಇನ್ಯಾರೋ. ಮೂರನೇ ದಿನ ಕೌಂಟರ್ ಬಾಗಿಲು ಹಾಕಿ ಮನೆಗೆ ಬಂದ, ಮೆಟ್ಟಿಲು ಹತ್ತಿದ, ಹದಿಮೂರು ಸಲ ಕಿರುಗುಟ್ಟಿತು. ಅದೇ ಕೊನೆ.

ಇದನ್ನ ನಾನು ಯಾರ ಹತ್ರಾನೂ ಹೇಳಿಲ್ಲ. ಹಾಕಿದ್ದು ನಾನು ಅಂತ ಅವನಿಗೆ ಗೊತ್ತು, ಬೈದೂ ಇಲ್ಲ. ನಿಮ್ಮನ್ನ ದೂರ್ತಿಲ್ಲ. ನಿಮಗೆ ಅದು ನೆನಪೂ ಇರಲ್ಲ ಬಿಡಿ, ದಿನಕ್ಕೆ ನೂರು ಉತ್ತರ ಬರೀತಿದ್ರಿ.

ಈಗ ಏನು ಮಾಡ್ಲಿ?


ಫೆಬ್ರವರಿ 20

ಮೇಸ್ತ್ರಿಗಳೇ,

ಹತ್ತು ದಿನ ಆಯ್ತು. ಅಂಚೆಯವರು ನನ್ನ ನೋಡಿದ ತಕ್ಷಣ ದೂರದಿಂದಲೇ ಕೈ ಅಲ್ಲಾಡಿಸ್ತಾರೆ. ಕಾಗದ ಸಿಗ್ಲಿಲ್ವೋ, ಓದಿ ಸುಮ್ಮನಿದೀರೋ ಗೊತ್ತಾಗ್ತಿಲ್ಲ. ಸುಮ್ಮನಿದ್ರೆ ಅದೂ ಸರಿಯೇ ಅನ್ಸತ್ತೆ.

ಮೊನ್ನೆ ಮಧ್ಯಾಹ್ನ ಕಿಟಕಿಗೆ ಏಣಿ ಹಾಕಿದೆ. ಬೇರೆ ಏನೂ ತೋಚ್ಲಿಲ್ಲ. ಚಾಕು ಹಿಡಿದು ಕೆರೀತಿದ್ದೆ, ಕರ ಕರ ಕರ. ಒಳಗೆ ಪರದೆ ಮುಚ್ಚಿತ್ತು. ಅರ್ಧ ಗಂಟೆ ಆದ್ಮೇಲೆ ಪರದೆ ಸರೀತು. ಅಣ್ಣ. ಗಡ್ಡ ಎದೆವರೆಗೂ ಬಂದಿದೆ. ನಮ್ಮಿಬ್ಬರ ಮಧ್ಯೆ ಗಾಜು, ಗಾಜಿನ ಮೇಲೆ ಬಣ್ಣದ ಹನಿಗಳು. ಏನು ಮುಖ ಮಾಡ್ಬೇಕೋ ಗೊತ್ತಾಗ್ದೆ ಕೆರೆಯೋದನ್ನೇ ಮುಂದುವರಿಸ್ದೆ. ಅವನು ನೋಡ್ತಾ ನಿಂತಿದ್ದ. ಆಮೇಲೆ ಒಂದು ಬೆರಳೆತ್ತಿ ಎಡಗಡೆ ಮೇಲಿನ ಮೂಲೆ ತೋರಿಸ್ದ. ಅಲ್ಲಿ ಎರಡಂಗುಲ ಬಿಟ್ಟೋಗಿತ್ತು. ಕೊಯ್ದೆ. ಪರದೆ ಮುಚ್ಕೊಂಡ.

ಕಿಟಕಿ ತೆರೆದಿಲ್ಲ. ನನ್ನ ಅರ್ಧ ಮುಗೀತು, ಅವನ ಅರ್ಧ ಹಾಗೇ ಇದೆ.

ಇನ್ನು ಹದಿಮೂರೇ ದಿನ. ಮೆಟ್ಟಿಲಿಗೆ ಒಂದೊಂದು.


ಫೆಬ್ರವರಿ 26

ಮಗಳೇ,

ಈ ಪದವನ್ನು ನಿನಗೆ ಎರಡನೆಯ ಸಲ ಬರೆಯಲು ಇಷ್ಟು ದಿನ ಬೇಕಾಯಿತು. ನಿನ್ನ ಪತ್ರ ಹದಿನಾಲ್ಕನೇ ತಾರೀಕಿಗೇ ಬಂದಿತ್ತು. ಉಳಿಗಳ ಪೆಟ್ಟಿಗೆಯಲ್ಲಿಟ್ಟಿದ್ದೆ. ಫೋನೂ ಅಲ್ಲೇ ಇದೆ.

ನನಗೆ ನೆನಪಿದೆ. ನಾನು ಗ್ರೂಪು ಬಿಟ್ಟದ್ದೇ ಅದಕ್ಕೆ. ತಿಂಗಳ ನಂತರ ಯಾರೋ ಪರಿಚಯದವರು ಅದೇ ವಿಡಿಯೋವನ್ನು ನನಗೇ ಕಳಿಸಿ ‘ನೋಡಿ ನಗಿ’ ಎಂದರು. ಕೆಳಗೆ ನನ್ನ ಸಾಲು ದಪ್ಪಕ್ಷರದಲ್ಲಿ. ಅವತ್ತು ಮೊದಲ ಬಾರಿ ಕೊನೆಯವರೆಗೆ ನೋಡಿದೆ. ಹಿಂದೆ ನೋಡಿರಲಿಲ್ಲ. ಮೂರನೇ ಮೆಟ್ಟಿಲಿಗೇ ಹಾಸ್ಯ ಹೊಳೆದಿತ್ತು, ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಕೊನೆಯಲ್ಲಿ ಆ ಮನುಷ್ಯ ನಗುತ್ತಾನೆ. ವಿಡಿಯೋ ಹಿಡಿದವರನ್ನು ನಂಬಿ ನಗುವ ನಗು ಅದು. ನಿನ್ನ ಮೊದಲ ಪತ್ರಕ್ಕೆ ‘ಬಡಗಿಯನ್ನು ಕರೆಸಿ’ ಎಂದದ್ದು ಬಿಂಕದಿಂದಲ್ಲ, ಭಯದಿಂದ. ಅದು ನಿನ್ನ ಅಣ್ಣನೇ ಎಂದು ಮಾತ್ರ ತಿಳಿದಿರಲಿಲ್ಲ.

ಈಗ ಕೆಲಸದ ಮಾತು. ನಿನ್ನ ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದಿದೆ. ಸದ್ದಿಲ್ಲದೆ ಬಂದ ಅಮ್ಮನಿಗೆ ಅವನು ಕಿರುಚಿದ. ಅರ್ಧ ಗಂಟೆ ಕೆರೆದು ಬಂದ ನಿನಗೆ ಪರದೆ ತೆರೆದ. ನಾನು ಹೇಳಿಕೊಟ್ಟದ್ದು ಕೆಲಸವಾಗಿ ಸರಿ, ಆ ಮನೆಗೆ ತಪ್ಪು. ಒಂದು ಮೆಟ್ಟಿಲಿನ ಬಾಯಿ ಬಿಡಿಸು. ಯಾವುದು ಎಂದು ಅವನನ್ನೇ ಕೇಳು. ಆ ಮೆಟ್ಟಿಲಿನ ಕೆಳಗೆ ಹೋಗಿ, ಸ್ಕ್ರೂ ಇದ್ದರೆ ಎರಡು ಸುತ್ತು ಹಿಂದಕ್ಕೆ ತಿರುಗಿಸು, ಗೋಡೆಯ ಕಡೆಯ ಬೆಣೆಯನ್ನು ಕೆಳಗಿನಿಂದ ಮೇಲಕ್ಕೆ ತಟ್ಟಿ ಬಿಡಿಸಿಕೊ. ಹಲಗೆ ತೊಲೆಯಲ್ಲಿ ಕೊರೆದ ಕಚ್ಚಿನೊಳಗೇ ಕೂತಿರುತ್ತದೆ, ಬೀಳುವುದಿಲ್ಲ. ಬೆಣೆಯನ್ನು ಬಿಸಾಡಬೇಡ.

ನಿನ್ನ ತಂದೆಗೆ ಕುಂಯ್ ಎನ್ನಬಾರದು, ನಿನ್ನ ಅಣ್ಣನಿಗೆ ಎನ್ನಬೇಕು. ಇದಕ್ಕೆ ನನ್ನ ಪೆಟ್ಟಿಗೆಯಲ್ಲಿ ಉಪಕರಣವಿಲ್ಲ. ನೀನೇ ಯೋಚಿಸು.

ಜೊತೆಯಲ್ಲಿರುವ ಹಾಳೆ ಅವನಿಗೆ. ಬೇಕಿದ್ದರೆ ನೀನೂ ಓದು, ಅಂಟಿಸಿಲ್ಲ.

— ಮೇಸ್ತ್ರಿ


(ಜೊತೆಯ ಹಾಳೆ)

ಮೇಲಿನ ಕೋಣೆಯವರಿಗೆ,

ನಾನು ನಲವತ್ತೊಂದು ವರ್ಷ ಮೆಟ್ಟಿಲು ಮಾಡಿದವನು. ಮರ ಸದ್ದು ಮಾಡುವುದು ಭಾರದಿಂದಲ್ಲ, ಸಡಿಲದಿಂದ. ಬೆಣೆ ಕಳಚಿದ ಹಲಗೆ ಶಾಲೆಗೆ ಹೋಗುವ ಮಗು ತುಳಿದರೂ ಕಿರುಗುಟ್ಟುತ್ತದೆ. ಬಿಗಿಯಾಗಿದ್ದರೆ ಬೀರು ಹೊತ್ತ ನಾಲ್ಕು ಜನರಿಗೂ ಸುಮ್ಮನಿರುತ್ತದೆ. ನಿಮ್ಮ ಮನೆಯಲ್ಲಿ ಹನ್ನೊಂದು ಬೆಣೆ ಕಳಚಿದ್ದವು. ತಪ್ಪು ಮೆಟ್ಟಿಲಿನದು.

ಇದು ಅವತ್ತೂ ನನಗೆ ಗೊತ್ತಿತ್ತು. ಗೊತ್ತಿದ್ದೂ, ಜನ ನಗುತ್ತಾರೆಂದು, ಹೊರೆ ಎಂದು ಬರೆದೆ. ಕಸುಬಿನ ವಿಷಯದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. ಅದನ್ನೇ ಎಲ್ಲರೂ ನಂಬಿದರು.

ಕ್ಷಮೆ ಕೇಳುತ್ತಿದ್ದೇನೆ. ಉತ್ತರ ಬರೆಯಬೇಕಿಲ್ಲ.


ಮಾರ್ಚ್ 9

ಮೇಸ್ತ್ರಿಗಳೇ,

ನಿಮ್ಮ ಕಾಗದ ಮೂರನೇ ತಾರೀಕು ಬಂತು. ಅಣ್ಣನ ಹಾಳೆ ಓದ್ಲಿಲ್ಲ ಅಂತ ಹೇಳಿದ್ರೆ ನಂಬ್ತೀರಾ? ಓದಿದೆ. ಆಮೇಲೆ ಬಾಗಿಲ ಕೆಳಗೆ ತಳ್ಳಿದೆ. ಅದರ ಹಿಂದೆ ನನ್ನದೊಂದು ಚೀಟಿ, ‘ಒಂದು ಮೆಟ್ಟಿಲಿಗೆ ಸದ್ದು ವಾಪಸ್ ಕೊಡ್ತೀನಿ. ಯಾವುದಕ್ಕೆ?’ ಹೋಗೋ ಮೊದಲು ಹದಿಮೂರನೇ ಮೆಟ್ಟಿಲ ಮೇಲೆ ನಿಂತು ಜೋರಾಗಿ ಕೆಮ್ಮಿದೆ.

ಸಾಯಂಕಾಲ ತಟ್ಟೆ ಕೆಳಗೆ ಚೀಟಿ ಇತ್ತು. ‘ಐದು. ಅಲ್ಲಿಂದ ನನ್ನ ಬಾಗಿಲಿಗೆ ಎಂಟು ಮೆಟ್ಟಿಲು. ಮುಖ ಸರಿ ಮಾಡ್ಕೊಳ್ಳೋಕೆ ಅಷ್ಟು ಸಾಕು.’

ನಾಲ್ಕನೇ ತಾರೀಕು ಐದನೇ ಬೆಣೆ ಬಿಡಿಸಿ ಕಪಾಟಿನ ಹಲಗೆ ಮೇಲಿಟ್ಟೆ. ಹಿಂದೆ ಪೆನ್ಸಿಲಲ್ಲಿ 5 ಅಂತ ಇತ್ತು. ತುಳಿದು ನೋಡಿದೆ. ಹಳೇ ದನಿ, ಚೂರೂ ಬದಲಾಗಿಲ್ಲ. ಅಪ್ಪನಿಗೆ ಏನು ಹೇಳೋದು ಅಂತ ರಿಹರ್ಸಲ್ ಮಾಡ್ಕೊಂಡೆ, ಒಂದೂ ಕೂರ್ಲಿಲ್ಲ.

ಐದನೇ ತಾರೀಕು ಬೆಳಿಗ್ಗೆ ಕಾಂಟ್ರಾಕ್ಟರ್ ಬಂದು ಹಾಲಲ್ಲಿ ಕೂತ. ಕೆಲಸದವರು ನಾಲ್ಕು ಜನ ಗೇಟ್ ಹತ್ರ. ಅಪ್ಪ ಚಪ್ಪಲಿ ಬಿಟ್ಟು ಕಟಕಟೆ ಹಿಡ್ಕೊಂಡು ಹತ್ತಿದ್ರು. ಒಂದು, ಎರಡು, ಮೂರು, ನಾಲ್ಕು. ಅಪ್ಪ ತಿರುಗಿ ನನ್ನ ನೋಡಿದ್ರು, ಭೇಷ್ ಅನ್ನೋ ಹಾಗೆ. ಐದು. ಕಿರ್ರ್.

“ಇದೊಂದು ಬಿಟ್ಟೋಯ್ತಲ್ಲ.”

“ಬಿಟ್ಟೋಗಿಲ್ಲಪ್ಪ. ಇಟ್ಟಿದೀನಿ.”

“ಇಟ್ಟಿದೀಯಾ? ಯಾಕೆ, ನೆನಪಿಗಾ?” ಅಂದ್ರು. ಕಾಂಟ್ರಾಕ್ಟರ್ ಕಡೆ ಕೈ ಎತ್ತೋದ್ರಲ್ಲಿದ್ರು.

ಮೇಲೆ ಮಂಚ ಎಳೆದ ಸದ್ದಾಯ್ತು. ಆಮೇಲೆ ಚಿಲಕ. ಬಾಗಿಲು ಎಷ್ಟು ತೆರೀತೋ ಕೆಳಗಿಂದ ಕಾಣಲ್ಲ. ಅಣ್ಣನ ದನಿ ಮಾತ್ರ ಬಂತು.

“ಅಪ್ಪಾ, ಎಡಗಾಲು ಇನ್ನೂ ನೋವಿದ್ಯಾ?”

ಅಪ್ಪನ ಎಡ ಮಂಡಿ ನವೆಂಬರಿಂದ ನೋಯ್ತಿದೆಯಂತೆ ಮೇಸ್ತ್ರಿಗಳೇ. ಅಮ್ಮಂಗೂ ಹೇಳಿರ್ಲಿಲ್ಲ. ಬಲಗಾಲು ಗಟ್ಟಿಯಾಗಿ, ಎಡಗಾಲು ಹಗುರಾಗಿ ಇಡ್ತಾರೆ, ಸದ್ದಲ್ಲಿ ಅವನಿಗೆ ಗೊತ್ತಾಗಿದೆ. ತಿಂಗಳುಗಟ್ಟಲೆ ಗೊತ್ತಿದ್ದೂ ಕೇಳೋಕೆ ಬಾಯಿ ಬಂದಿಲ್ಲ.

ಅಪ್ಪ ಅಲ್ಲೇ ಐದನೇ ಮೆಟ್ಟಿಲ ಮೇಲೆ ಕೂತ್ಬಿಟ್ರು. “ಇದೆ ಕಣೋ, ಸ್ವಲ್ಪ,” ಅಂದ್ರು ಗೋಡೆ ನೋಡ್ತಾ. ಕಾಂಟ್ರಾಕ್ಟರ್ ಎದ್ದು ನಿಂತು, “ಶುರು ಮಾಡೋಣ್ವಾ ಸಾರ್?” ಅಂದ. ಅಪ್ಪ, “ಹೋಗಿ ಬನ್ನಿ. ಇದಿರ್ಲಿ,” ಅಂದ್ರು.

ಅಣ್ಣ ಇಳಿದು ಬಂದ ಅಂತ ನೀವು ಕಾಯ್ತಿರ್ತೀರ. ಅವತ್ತು ಬರ್ಲಿಲ್ಲ. ಮಾರನೇ ದಿನಾನೂ ಇಲ್ಲ. ಆದ್ರೆ ಮಂಚ ವಾಪಸ್ ಹೋಗಿದೆ, ಬಾಗಿಲು ಗೇಣು ತೆರೆಯತ್ತೆ. ನಿಮ್ಮ ಹಾಳೆ ಬಗ್ಗೆ ಅವನು ಒಂದೇ ಮಾತು ಹೇಳಿದ್ದು. “ನಿಮ್ಮ ಮೇಸ್ತ್ರಿ ಕೈಬರಹ ಚೆನ್ನಾಗಿದೆ.” ಕ್ಷಮಿಸಿದ್ನಾ ಅಂತ ಕೇಳ್ಬೇಡಿ, ನನ್ನ ವಿಷಯಾನೇ ನನಗೆ ಗೊತ್ತಿಲ್ಲ.

ನಿನ್ನೆ ಬೆಳಿಗ್ಗೆ ಹನ್ನೊಂದು ಗಂಟೆ ಇರ್ಬೇಕು. ನಾನು, ಅಮ್ಮ ಅಡುಗೆಮನೇಲಿ ಇದ್ವಿ, ಅಪ್ಪ ಹಾಲಲ್ಲಿ. ಐದನೇ ಮೆಟ್ಟಿಲು ಕಿರ್ರ್ ಅಂತು. ನಾವು ಮೂರೂ ಜನ ಕೆಳಗೇ ಇದೀವಿ.

ಅಮ್ಮ ಕೊಯ್ತಿದ್ದ ಚಾಕು ನಿಂತೋಯ್ತು. ನನ್ನ ಫೋನ್ ಕಟ್ಟೆ ಮೇಲಿತ್ತು. ಅದನ್ನ ಕವುಚಿ ಹಾಕ್ದೆ. ಅಮ್ಮ ಮತ್ತೆ ಕೊಯ್ಯೋಕೆ ಶುರು ಮಾಡಿದ್ರು. ಅಪ್ಪ ಪೇಪರ್ ಮಗುಚಿದ್ದು ಕೇಳಿಸ್ತು. ಯಾರೂ ತಿರುಗಿ ನೋಡ್ಲಿಲ್ಲ ಮೇಸ್ತ್ರಿಗಳೇ. ಕತ್ತು ನೋವು ಬಂತು, ಆದ್ರೂ ತಿರುಗ್ಲಿಲ್ಲ. ಮೆಟ್ಟಿಲ ಕೆಳಗಿನ ಕಪಾಟಿನ ಬಾಗಿಲು ತೆರೆದು ಮುಚ್ಚಿದ ಹಾಗಾಯ್ತು. ಸ್ವಲ್ಪ ಹೊತ್ತಿಗೆ ಮತ್ತೆ ಕಿರ್ರ್, ಈ ಸಲ ಮೇಲಕ್ಕೆ.

ಆಮೇಲೆ ಹೋಗಿ ಕಪಾಟು ನೋಡಿದೆ. ಪೊರಕೆ ಇದೆ, ಚಪ್ಪಲಿ ಇದೆ, ಅಂಟಿನ ಡಬ್ಬಿ ಇದೆ. ಹಲಗೆ ಮೇಲಿಟ್ಟಿದ್ದ ಬೆಣೆ ಇಲ್ಲ. ಸುತ್ತಿಗೆ ಅಲ್ಲೇ ಇದೆ, ಅದನ್ನ ಮುಟ್ಟಿಲ್ಲ. ಬೆಣೆ ಮಾತ್ರ ತಗೊಂಡು ಹೋಗಿದ್ದಾನೆ.

ಕೇಳ್ಬೇಕಾ ಅವನನ್ನ? ಬೇಡ ಅನ್ಸತ್ತೆ. ಅದನ್ನ ವಾಪಸ್ ಬಡಿಯೋಣ ಅಂತ ಯಾವತ್ತಾದ್ರೂ ಅವನಿಗೇ ಅನ್ಸಿದ್ರೆ ಇರ್ಲಿ ಅಂತ, ಸುತ್ತಿಗೇನ ಕೈಗೆ ಸಿಗೋ ಹಾಗೆ ಮುಂದಕ್ಕಿಟ್ಟು ಬಂದೆ.

ಸ್ಕ್ರೂ ಲೂಸು